ಅರೆಪಾವಿನ ಲೆಕ್ಕ

ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಇದೆ. ಬೇಲಿ ಅನ್ನುವುದು ಹೆಸರಿಗಷ್ಟೇ. ಅತ್ತಲಿಂದ ಕೆಸುವಿನ ಎಲೆ ಬರುತ್ತದೆ, ಇತ್ತಲಿಂದ ನಿಂಬೆಹಣ್ಣು ಹೋಗುತ್ತದೆ, ಎರಡೂ ಮನೆಯ ಹಾಲು ಕುಡಿಯುವ ಒಂದೇ ಬೆಕ್ಕು ದಿನಕ್ಕೆ ಹತ್ತು ಸಲ ದಾಟುತ್ತದೆ. ಬೆಳಿಗ್ಗೆ ಏಳರಿಂದ ಎಂಟರತನಕ ಮಾತು ದಾಟುತ್ತದೆ. ಎರಡು ವರ್ಷದಿಂದ ಒಂದು ನೀಲಿ ಕೇಬಲ್ಲೂ ದಾಟುತ್ತಿದೆ. ನನ್ನ ಕೋಣೆಯ ಕಿಟಕಿಯಿಂದ ಹೊರಟು, ಚಿಕ್ಕು ಮರದ ಕವಲಿನ ಮೇಲೆ ಹಾದು, ಮೇಷ್ಟ್ರ ಜಗಲಿ ಮೂಲೆಗೆ ಇಳಿಯುತ್ತದೆ. ಸುಮಾರು 30 ಮೀಟರ್. ಎಳೆದವನು ನಾನೇ, ಎರಡೂ ತುದಿಗೆ ಕನೆಕ್ಟರ್ ಒತ್ತಿದವನೂ ನಾನೇ. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೇಷ್ಟ್ರು ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ನನ್ನನ್ನು ಕರೆಯುವುದು ಎರಡನೇ ಬೆಂಚಿನಿಂದ ಎಬ್ಬಿಸುವ ದನಿಯಲ್ಲೇ. ಅವರಿಗಿರುವುದು ಒಂದೇ ಚಟ, ಯಕ್ಷಗಾನ. ಎಲ್ಲಿ ಆಟವಿದ್ದರೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗಿ ಇಡೀ ರಾತ್ರಿ ಹಿಡಿದು ತರುತ್ತಾರೆ. ಅವರ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅದೆಲ್ಲ ಈಗ ನನ್ನ ಹಳೇ ಲಿನಕ್ಸ್ ಡಬ್ಬದಲ್ಲಿದೆ. ಉಗ್ರಾಣ ನನ್ನದು, ಭತ್ತ ಅವರದು.

ಮೊದಲು ವೈಫೈ ಇತ್ತು. ಆದರೆ ಅಮ್ಮ, ಅಂದರೆ ಮೇಷ್ಟ್ರ ಮನೆಯವರು, ಅವೆನ್ನಿನಲ್ಲಿ ಸಾರು ಬಿಸಿಗಿಟ್ಟ ಕೂಡಲೇ ಭಾಗವತರ ಪದ ಗಂಟಲಲ್ಲೇ ನಿಂತುಬಿಡುತ್ತಿತ್ತು. ಮೈಕ್ರೋವೇವ್ ಅವೆನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಹತ್ತಿರ, ಹಳೇ ವೈಫೈ ಇರುವುದೂ ಅದೇ ಓಣಿಯಲ್ಲಿ. ಸಾರು ಬಿಡುವಂತಿಲ್ಲ, ಆಟವನ್ನೂ ಬಿಡುವಂತಿಲ್ಲ. ಹಾಗಾಗಿ ಕೇಬಲ್.

ಹೋದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಬೇಲಿ ಮೇಲಿಂದ ದನಿ ಬಂತು.

"ಏ ಮಾರಾಯ, ತಂಗಿ ಮಗನಿಗೆ ಕೊಡೋಣ ಅಂತ ನಲವತ್ತು ಜಿಬಿ ಆಟ ಇಳಿಸಿಕೊಂಡೆ. ಒಂದು ಗಂಟೆ ಹಿಡೀತು ನೋಡು. ಕಂಪ್ಯೂಟರ್ ಅಂಗಡಿಯವ ಸಾವಿರದ್ದು ಅಂತ ಹೇಳಿ ಕೊಟ್ಟಿದ್ದಾನೆ, ಇಲ್ಲಿ ಪರದೆ ಮೇಲೆ ಹನ್ನೊಂದು ಚಿಲ್ರೆ ತೋರಿಸ್ತಿದೆ. ಎಲ್ಲಿಯ ಸಾವಿರ, ಎಲ್ಲಿಯ ಹನ್ನೊಂದು?"

"ಮೇಷ್ಟ್ರೇ, ಅದು ಬಿಟ್ಟು, ಇದು ಬೈಟು."

"ಬಿಟ್ಟು ಗಿಟ್ಟು ಬೇಡ, ಬಿಡಿಸಿ ಹೇಳು."

"ಒಂದು ಸೇರಿಗೆ ಎಷ್ಟು ಪಾವು?"

"ನಾಲ್ಕು."

"ಅರೆಪಾವು?"

"ಎಂಟು. ನನ್ನನ್ನೇ ಪರೀಕ್ಷೆ ಮಾಡ್ತೀಯೇನೋ?"

"ಬಿಟ್ ಅಂದ್ರೆ ಅರೆಪಾವು, ಬೈಟ್ ಅಂದ್ರೆ ಸೇರು. ಎಂಟಕ್ಕೆ ಒಂದು. ಅಂಗಡಿಯವರು ಅರೆಪಾವಿನಲ್ಲಿ ಮಾರ್ತಾರೆ, ಕಂಪ್ಯೂಟರು ಸೇರಿನಲ್ಲಿ ಎಣಿಸುತ್ತೆ. ಮೆಗಾ ಗಿಗಾ ಎಲ್ಲ ಅದರ ಮೇಲಿನ ಕೊಳಗ ಖಂಡುಗ."

ಮೇಷ್ಟ್ರು ಒಂದು ದಾಸವಾಳ ಕೊಯ್ದು ಬುಟ್ಟಿಗೆ ಹಾಕಿದರು. ಬಾಯಲ್ಲೇ ಭಾಗಾಕಾರ ನಡೆಯಿತು. "ಸಾವಿರ ಅರೆಪಾವು ಅಂದ್ರೆ ನೂರಿಪ್ಪತ್ತೈದು ಸೇರು. ಬಂದಿದ್ದು ಹನ್ನೊಂದು. ಉಳಿದ ನೂರಾ ಹದಿನಾಲ್ಕು ಎಲ್ಲಿ ಸೋರ್ತಿದೆ?"

ಅಳತೆ ಗೊತ್ತಾಗದಂತೆ ಮಾತು ಹಾರಿಸೋಣವೆಂದರೆ ಸಿಕ್ಕಿದ್ದು ಲೆಕ್ಕದ ಮೇಷ್ಟ್ರ ಕೈಗೆ. "ಸಂಜೆಯೊಳಗೆ ನೋಡ್ತೀನಿ" ಅಂದೆ.

ನೋಡಲಿಲ್ಲ, ಔಷಧಿ ಹಾಕಿದೆ. ಲಿನಕ್ಸ್ ಸಾಕುವವರಿಗೆಲ್ಲ ಇರುವ ರೋಗ ಇದು. ಕಂಪ್ಯೂಟರ್ ನಿಧಾನ ಅಂದ ಕೂಡಲೇ ಎಲ್ಲೆಲ್ಲಿಂದಲೋ ನಾಲ್ಕು ಸಾಲು ತಂದು ಅಂಟಿಸುವುದು. ಲಿನಕ್ಸಿನ ತಿರುಳಾದ ಕರ್ನಲ್ಲಿನ ಬಫರ್ ಹಿಗ್ಗಿಸುವ ಸಾಲು, ಕೊನೆಗೆ 16777216 ಅನ್ನುವ ಮಂತ್ರಸಂಖ್ಯೆ. ಇನ್ನೊಂದು ಸಾಲು ಸಾಂಬಾದ ಕಡತಕ್ಕೆ. ಸಾಂಬಾ ಅಂದರೆ ಲಿನಕ್ಸ್ ಡಬ್ಬದ ಕಡತಗಳನ್ನು ವಿಂಡೋಸಿಗೆ ಹಂಚಿಕೊಡುವ ತಂತ್ರಾಂಶ. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಅನ್ನುವವರು ತೊಂಬತ್ತರ ದಶಕದ ಶುರುವಿನಲ್ಲಿ ಬರೆದದ್ದು. ಈ ಹಂಚಿಕೆಯ ಪದ್ಧತಿಗೆ ಎಸ್‌ಎಂಬಿ ಅಂತ ಹೆಸರು; ಆ ಎಸ್, ಎಂ, ಬಿ ಮೂರೂ ಅಕ್ಷರ ಸಾಲಾಗಿ ಬರುವ ಪದ ಯಾವುದಿದೆ ಅಂತ ಪದಗಳ ಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ಹೆಸರಂತೆ. ಮೇಷ್ಟ್ರಿಗೆ ಇದು ಒಪ್ಪಿಗೆಯಿಲ್ಲ. ಸ-ಅಂಬ, ಅಂಬೆಯೊಡನೆ ಇರುವವನು, ಎರಡು ಬೇರೆ ಬೇರೆ ದೇಹವನ್ನು ಒಂದು ಮಾಡಿದವನು. ಇದಕ್ಕಿಂತ ಸರಿಯಾದ ಹೆಸರು ಇನ್ನೇನಿದೆ ಅನ್ನುತ್ತಾರೆ.

ಔಷಧಿ ಹಾಕಿದ ಮೇಲೂ ಹನ್ನೊಂದೇ. ಎರಡು ಸಂಜೆ ಕಳೆಯಿತು.

"ಏನಾಯ್ತೋ?"

"ಬಫರ್ ಹೆಚ್ಚು ಮಾಡಿದೀನಿ ಮೇಷ್ಟ್ರೇ."

"ಅಳೆದು ನೋಡಿದ್ಯಾ?"

"ಪಿಂಗ್ ಮಾಡಿದೆ. ಹೋಗಿ ಬರೋಕೆ 0.4 ಮಿಲಿಸೆಕೆಂಡು. ಒಂದೂ ತಪ್ಪಿಲ್ಲ."

"ಅದು ನಾಡಿ. ನಾನು ಕೇಳಿದ್ದು ಹೊಟ್ಟೆಗೆ ಎಷ್ಟು ಹಿಡಿಸುತ್ತೆ ಅಂತ."

ಮಾತು ನಾಟಿತು. ಪಿಂಗ್ ಮೇಲೆ ನನಗೆ ಕೊಂಚ ಹೆಚ್ಚೇ ಭಕ್ತಿ. ಅಮೆರಿಕದ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಒಂದೇ ಪಟ್ಟಿಗೆ ಕೂತು ಬರೆದದ್ದು ಅದು. ಸಬ್‌ಮರೀನ್‌ಗಳು ನೀರಿನೊಳಗೆ ಸದ್ದು ಬಿಟ್ಟು ಪ್ರತಿಧ್ವನಿಗೆ ಕಿವಿಗೊಡುತ್ತವಲ್ಲ, ಆ ಸದ್ದಿನ ಹೆಸರನ್ನೇ ಇಟ್ಟರು. ಅವರು ತಾವು ಕೇಳಿದ ಪಿಂಗ್ ಕಥೆಗಳಲ್ಲೆಲ್ಲ ಸೊಗಸಾದದ್ದು ಅಂತ ಒಂದನ್ನು ಹೇಳುತ್ತಿದ್ದರು. ಯಾರೋ ಒಬ್ಬ ಪುಣ್ಯಾತ್ಮ ತನ್ನ ಆಫೀಸಿನ ನೆಟ್‌ವರ್ಕ್ ಆಗಾಗ ಕೈಕೊಡುತ್ತಿದ್ದಾಗ ಪಿಂಗಿನ ಉತ್ತರವನ್ನು ಮಾತಾಡುವ ಯಂತ್ರಕ್ಕೆ ಜೋಡಿಸಿ, ಸ್ಟೀರಿಯೋಗೆ ಸಿಕ್ಕಿಸಿ, ಕಿವಿ ತಡೆಯುವಷ್ಟು ಜೋರಾಗಿ ಇಟ್ಟನಂತೆ. ಸೆಕೆಂಡಿಗೊಂದು ಸಲ 'ಪಿಂಗ್, ಪಿಂಗ್' ಅಂತ ಕಟ್ಟಡವೆಲ್ಲ ಮೊಳಗುತ್ತಿದ್ದರೆ ಇವನು ಒಂದೊಂದೇ ಕನೆಕ್ಟರ್ ಅಲುಗಾಡಿಸುತ್ತ ಹೋದ. ಯಾವುದನ್ನು ಅಲುಗಿಸಿದಾಗ ಸದ್ದು ನಿಂತಿತೋ ಅದೇ ಕಳ್ಳ.

ನಮ್ಮ ಕೇಬಲ್ ಹಾಗೆ ಆಗಾಗ ಕೈಕೊಡುವ ಜಾತಿಯದಲ್ಲ. ಅದು ಬಹಳ ನಿಯತ್ತಾಗಿ, ಒಂದು ಕ್ಷಣ ತಪ್ಪದೆ, ನಿಧಾನವಾಗಿತ್ತು. ಪಿಂಗ್ ಕಳಿಸುವುದು ಒಂದು ಸಣ್ಣ ಚೀಟಿ. ಚೀಟಿ ಬೇಗ ಹೋಯಿತೆಂದರೆ ಗಾಡಿಗಟ್ಟಲೆ ಮೂಟೆಯೂ ಬೇಗ ಹೋಗುತ್ತದೆ ಅಂತ ಅಲ್ಲ.

ಮೂಟೆ ಅಳೆಯಲು ಇರುವುದು ಐಪರ್ಫ್ 3. ಬೇಲಿಯ ಈಚೆ ಒಂದು ಕಂಪ್ಯೂಟರ್ 5201ನೇ ಬಾಗಿಲು ತೆರೆದು ಕಾಯುತ್ತದೆ, ಆಚೆಯದು ಹತ್ತು ಸೆಕೆಂಡು ಎಡೆಬಿಡದೆ ಸುರಿಯುತ್ತದೆ. ಸುರಿಯುವುದು ನೆನಪಿನಿಂದ ನೆನಪಿಗೆ. ಡಿಸ್ಕನ್ನು ಮುಟ್ಟುವುದಿಲ್ಲ, ಸಾಂಬಾವನ್ನು ಕೇಳುವುದಿಲ್ಲ. ಕಡತ ನಕಲು ಮಾಡಿ ವೇಗ ನೋಡುವುದರಲ್ಲಿ ಇದೇ ತೊಂದರೆ. ಉಗ್ರಾಣದ ಬಾಗಿಲು ಗಿಡ್ಡವೋ, ದಾರಿ ಕಿರಿದೋ, ಹೊರುವ ಆಳು ಸೋಮಾರಿಯೋ, ಮೂರೂ ಕಲಸಿ ಒಂದೇ ಅಂಕಿ ಬರುತ್ತದೆ. ಐಪರ್ಫ್ ದಾರಿಯನ್ನು ಮಾತ್ರ ಅಳೆಯುತ್ತದೆ. ಆ ಕಡೆಯಿಂದ ಈ ಕಡೆಗೆ ಒಂದು ಸಲ, ತಿರುಗಿಸಿ ಇನ್ನೊಂದು ಸಲ.

ಮೇಷ್ಟ್ರ ಜಗಲಿಯಲ್ಲಿ ಕೂತು ಓಡಿಸಿದೆ. ಸೆಕೆಂಡಿಗೊಂದು ಸಾಲು ಬರತೊಡಗಿತು: 94.1, 94.1, 94.2, 94.1.

"ತೊಂಬತ್ನಾಲ್ಕು!" ಅಂದರು ಮೇಷ್ಟ್ರು, ಪಾಸಾದ ಹುಡುಗನನ್ನು ನೋಡಿದ ಹಾಗೆ.

ನನಗೆ ಮಾತ್ರ ಮುಖ ಬಿಸಿಯಾಯಿತು. 94 ಅನ್ನುವುದು ಈ ಕಸುಬಿನವರಿಗೆ ಗುರುತಿನ ಅಂಕಿ. 60 ಬಂದಿದ್ದರೆ, 37 ಬಂದಿದ್ದರೆ, ಏರಿಳಿತವಿದ್ದರೆ ಬೇರೆ ರೋಗ. ಅಲುಗಾಡದ 94 ಅಂದರೆ ದಾರಿ ಪೂರ್ತಿ ಆರೋಗ್ಯವಾಗಿದೆ, ಆದರೆ ಅದು ಸಾವಿರದ ದಾರಿಯಲ್ಲ, ನೂರರ ದಾರಿ. ಎರಡು ತುದಿಯ ಯಂತ್ರಗಳೂ ತಮ್ಮಷ್ಟಕ್ಕೆ ಮಾತಾಡಿಕೊಂಡು ನೂರಕ್ಕೇ ಒಪ್ಪಂದ ಮಾಡಿಕೊಂಡಿವೆ. ಇಥ್‌ಟೂಲ್ ಅನ್ನುವ ಆದೇಶ ಕೊಟ್ಟು ಕೇಳಿದರೆ ಲಿನಕ್ಸ್ ಮುಚ್ಚುಮರೆಯಿಲ್ಲದೆ ಹೇಳಿತು, ವೇಗ 100. ಎರಡು ಸಂಜೆ ಹಿಂದೆಯೇ ಕೇಳಿದ್ದರೆ ಆಗಲೂ ಹೇಳುತ್ತಿತ್ತು.

"ಅಳಿಲು ಕಡಿದಿರಬೇಕು ಮೇಷ್ಟ್ರೇ. ಚಿಕ್ಕು ಮರದ ಹತ್ರ."

"ಕಡಿದಿದ್ರೆ ಪೂರ್ತಿ ನಿಲ್ಲಬೇಕಿತ್ತಲ್ಲ?"

ಇಲ್ಲ, ಅದೇ ತಮಾಷೆ. ಈ ಕೇಬಲ್ಲಿನೊಳಗೆ ಎಂಟು ಎಳೆ, ಎರಡೆರಡು ಹೊಸೆದು ನಾಲ್ಕು ಜೋಡಿ. 1995ರ ಹೊತ್ತಿಗೆ ಬಂದ ನೂರು ಮೆಗಾಬಿಟ್ಟಿನ ಪದ್ಧತಿಗೆ ಎರಡು ಜೋಡಿ ಸಾಕು: 1, 2, 3 ಮತ್ತು 6ನೇ ಎಳೆ. ಉಳಿದ ನಾಲ್ಕು ಎಳೆ ಮದುವೆಮನೆಗೆ ಬಂದ ಗಂಡಿನ ಕಡೆಯವರ ಹಾಗೆ ಸುಮ್ಮನೆ ಕೂತಿರುತ್ತವೆ. 1999ರಲ್ಲಿ ಸಾವಿರದ ಪದ್ಧತಿ ಬಂದಾಗ ನಾಲ್ಕು ಜೋಡಿಯೂ ದುಡಿಯಬೇಕಾಯಿತು. ಆ ಉಳಿದ ನಾಲ್ಕರಲ್ಲಿ ಒಂದು ಎಳೆ ಸತ್ತರೂ ಸಾವಿರ ಇಲ್ಲ. ಯಂತ್ರಗಳು ಗಲಾಟೆ ಮಾಡದೆ ನೂರಕ್ಕೆ ಇಳಿದುಬಿಡುತ್ತವೆ. ನಿಂತುಹೋದರೆ ತಕ್ಷಣ ರಿಪೇರಿ ಮಾಡುತ್ತೇವೆ, ಕುಂಟಿಕೊಂಡು ನಡೆದರೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಮೇಷ್ಟ್ರು ಅಳಿಲಿನ ಪರ ವಕಾಲತ್ತು ಹಿಡಿದರು. ಒಂದು ವಾರ ನಾನು ಅಳಿಲಿನ ಮೇಲೆ, ಅವರು ನನ್ನ ಮೇಲೆ. ಕೊನೆಗೆ ಪೇಟೆಯಿಂದ ಟೆಸ್ಟರ್ ತಂದೆ. ಎರಡು ತುಂಡಿನ ಡಬ್ಬಿ, ಒಂದೊಂದರಲ್ಲೂ ಒಂದರಿಂದ ಎಂಟರತನಕ ಪುಟ್ಟ ದೀಪಗಳು. ಒಂದನ್ನು ನನ್ನ ಕೋಣೆಯ ತುದಿಗೆ ಸಿಕ್ಕಿಸಿದೆ, ಇನ್ನೊಂದು ಮೇಷ್ಟ್ರ ಕೈಲಿ. ಕಿಟಕಿ ತೆಗೆದಿಟ್ಟು ಗುಂಡಿ ಒತ್ತಿದೆ. ಬೇಲಿಯಾಚೆಯಿಂದ ಹಾಜರಿ ಶುರುವಾಯಿತು.

"ಒಂದು, ಹಾಜರ್. ಎರಡು, ಹಾಜರ್. ಮೂರು. ನಾಲ್ಕು. ಐದು. ಆರು, ಹಾಜರ್..." ಆಮೇಲೆ ಸದ್ದಿಲ್ಲ. ಎರಡು ದೀಪದ ಹೊತ್ತು ಕಳೆಯಿತು. "ಏಳು, ಎಂಟು ಗೈರುಹಾಜರು ಕಣೋ!"

ಏಳು, ಎಂಟು ಅಂದರೆ ಕಂದು ಜೋಡಿ. ನನ್ನ ಕಡೆಯ ಕನೆಕ್ಟರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಆರು ಎಳೆಗಳ ತಾಮ್ರದ ತುದಿ ಪಾರದರ್ಶಕ ಪ್ಲಾಸ್ಟಿಕ್ಕಿನ ಗೋಡೆಗೆ ತಾಗಿಕೊಂಡು ನಿಂತಿವೆ. ಕಂದಿನವು ಎರಡು ಮಾತ್ರ ಒಂದು ಕಾಳಿನಷ್ಟು ಹಿಂದೆ, ಪ್ರಾರ್ಥನೆಗೆ ತಡವಾಗಿ ಬಂದ ಹುಡುಗರ ಹಾಗೆ. ಒತ್ತುವಾಗ ಹಲ್ಲು ಅವಕ್ಕೆ ತಾಗಿಯೇ ಇಲ್ಲ. ಅಂದರೆ ಎರಡು ವರ್ಷದಿಂದ, ಮೊದಲ ದಿನದಿಂದ, ಈ ಕೇಬಲ್ ಸಾವಿರ ಕೊಟ್ಟೇ ಇಲ್ಲ. ಅಳಿಲು ಚಿಕ್ಕು ತಿನ್ನುತ್ತ ನನ್ನನ್ನೇ ನೋಡುತ್ತಿತ್ತು.

ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದೆ. ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಎಂಟೂ ಹಾಜರ್. ಐಪರ್ಫ್ ಓಡಿಸಿದರೆ 941.

"ಸಾವಿರ ಅಂದಿದ್ದೆ?" ಬೇಲಿಯಾಚೆಯಿಂದ ಬಂದ ಮೊದಲ ಮಾತು. "ಐವತ್ತೊಂಬತ್ತು ಎಲ್ಲಿ?"

"ದಾರಿಯಲ್ಲಿ ಹೋಗೋ ಪ್ರತಿ ಮೂಟೆ 1538 ಬೈಟು ಮೇಷ್ಟ್ರೇ. ಒಳಗಿನ ಸರಕು 1448. ಉಳಿದ 90 ವಿಳಾಸ, ರಸೀದಿ ನಂಬರು, ಗೋಣಿಚೀಲ. ಅದರಲ್ಲಿ ಹನ್ನೆರಡು ಬೈಟು ಏನೂ ಅಲ್ಲ, ಬರೀ ಮೌನ. ಎರಡು ಮೂಟೆ ನಡುವೆ ಉಸಿರು ಬಿಡೋ ಜಾಗ."

ಅವರು ಕ್ಯಾಲೆಂಡರಿನ ಹಿಂದೆ ಭಾಗಿಸಿದರು. 0.9415. ಮುಖ ಅರಳಿತು. ಇಡೀ ಪ್ರಕರಣದಲ್ಲಿ ಅವರಿಗೆ ಇಷ್ಟವಾದದ್ದು ಇದೊಂದೇ. ಆಮೇಲೆ ಅದೇ ಕಾಗದದಲ್ಲಿ ಇನ್ನೊಂದು ಲೆಕ್ಕ ಹಾಕಿ, "ಸೆಕೆಂಡಿಗೆ ಎಂಬತ್ತೊಂದು ಸಾವಿರ ಮೂಟೆ ಆಯ್ತಲ್ಲೋ! ಒಂದೊಂದಕ್ಕೂ ನಿನ್ನ ಮುದಿ ಡಬ್ಬ ಎದ್ದು ಬಾಗಿಲು ತೆಗೆಯುತ್ತಾ?" ಅಂದರು. ತೆಗೆಯುವುದಿಲ್ಲ. ಪೋಸ್ಟಿನವನು ಪ್ರತಿ ಕಾಗದಕ್ಕೂ ಒಂದು ಸಲ ಗೇಟು ಬಡಿದರೆ ಮನೆಯವರು ಬೇರೆ ಕೆಲಸ ಮಾಡುವುದುಂಟೇ? ನೆಟ್‌ವರ್ಕ್ ಕಾರ್ಡು ಒಂದಿಷ್ಟು ಕೂಡಿಹಾಕಿಕೊಂಡು ಒಮ್ಮೆ ಗೇಟು ಬಡಿಯುತ್ತದೆ, ಕರ್ನಲ್ ಒಂದೇ ಸಲಕ್ಕೆ ಬಾಚಿಕೊಳ್ಳುತ್ತದೆ. ಇದೆಲ್ಲ ನಾವು ಹೇಳಿಕೊಡದೆ ಅದು ತಾನಾಗಿ ಮಾಡುವ ಸಂಸಾರ.

ಈ ಐಪರ್ಫ್ 3 ಸಾಕಿ ಬೆಳೆಸುತ್ತಿರುವುದು ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ನೆಟ್‌ವರ್ಕ್ ವಿಭಾಗ. ಆ ಪ್ರಯೋಗಾಲಯಕ್ಕೂ ಬೇಲಿಯಾಚೆಯ ಸಂಕಟ ಹೊಸದಲ್ಲ. 1986ರ ಅಕ್ಟೋಬರಿನಲ್ಲಿ ಅಲ್ಲಿಗೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್ ಇದ್ದದ್ದು 40 ಬಿಟ್ಟಿಗೆ ಇಳಿದುಬಿಟ್ಟಿತು. ನಲವತ್ತು ಸಾವಿರ ಅಲ್ಲ, ಬರೀ ನಲವತ್ತು. ಎರಡರ ನಡುವಿನ ದೂರ 400 ಗಜ. ಇವತ್ತು ನಾವು ಕನ್ನಡ ಬರೆಯುವ ಯೂನಿಕೋಡ್ ಲೆಕ್ಕದಲ್ಲಿ 'ಮೇಷ್ಟ್ರೇ' ಅನ್ನುವ ಒಂದು ಕೂಗಿಗೇ 24 ಬೈಟ್, ಅಂದರೆ 192 ಬಿಟ್. ಆ ತಂತಿಯಲ್ಲಿ ಮೇಷ್ಟ್ರನ್ನು ಕರೆಯುವಷ್ಟರಲ್ಲಿ ಐದು ಸೆಕೆಂಡು ಹತ್ತಿರವಾಗುತ್ತಿತ್ತು. ಬೇಲಿ ಹತ್ತಿರ ಬಂದು ಕರೆಯುವುದೇ ಮೇಲು. ಅಲ್ಲಿದ್ದ ವ್ಯಾನ್ ಜೇಕಬ್ಸನ್ ಕೂತು ಅಳೆದರು. ಕಂಡದ್ದು ಇಷ್ಟು: ಕಳಿಸಿದ ಮೂಟೆಗೆ ರಸೀದಿ ಬರಲಿಲ್ಲವೆಂದರೆ ಪ್ರತಿ ಯಂತ್ರವೂ ತಾಳ್ಮೆಗೆಟ್ಟು ಅದನ್ನೇ ಮತ್ತೆ ಮತ್ತೆ ನೂಕುತ್ತಿತ್ತು. ಮೊದಲ ಪಂಕ್ತಿಗೇ ಕೂರಬೇಕೆಂದು ಎಲ್ಲರೂ ಊಟದ ಹಾಲಿನ ಬಾಗಿಲಿಗೆ ನುಗ್ಗಿದ ಹಾಗೆ. ಮೆಲ್ಲಗೆ ಶುರು ಮಾಡು, ದಾರಿ ಬಿಡುವಾಗಿದ್ದರೆ ಹೆಚ್ಚಿಸು, ಮೂಟೆ ಕಳೆದರೆ ಹಿಂದೆ ಸರಿ ಅನ್ನುವ ನಡತೆಯನ್ನು ಯಂತ್ರಗಳಿಗೆ ಕಲಿಸಿ 1988ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಇವತ್ತಿಗೂ ನಮ್ಮ ಬೇಲಿ ದಾಟುವ ಆಟ ಆ ನಡತೆಯ ಮೊಮ್ಮಕ್ಕಳ ಕೈ ಹಿಡಿದೇ ದಾಟುವುದು.

ಸರಿ, 941 ಬಂತು. ಮೇಷ್ಟ್ರು ನಲವತ್ತು ಜಿಬಿ ಇನ್ನೊಮ್ಮೆ ಇಳಿಸಿದರು. ನೂರು ಸೇರು ದಾಟಬೇಕಿತ್ತಲ್ಲ? ಇಪ್ಪತ್ತರ ಆಸುಪಾಸಿನಲ್ಲಿ ನಿಂತಿತು.

"ಪಾಸ್ ಮಾಡಿದೆ ಅನ್ಕೊಂಡ್ರೆ ಸಪ್ಲಿಮೆಂಟರಿ ಬಂತಲ್ಲೋ!"

ದಾರಿ ಸರಿಯಿದೆ ಅಂತ ಅಳತೆ ಹೇಳುತ್ತಿದೆ, ಹಾಗಾದರೆ ಕಾಯಿಲೆ ಉಗ್ರಾಣದಲ್ಲಿ. ಸಾಂಬಾದ ಕಡತ ತೆಗೆದು ನೋಡಿದರೆ ಎರಡು ವಾರದ ಹಿಂದೆ ನಾನೇ ಅಂಟಿಸಿದ ಸಾಲು ಹಲ್ಲು ಕಿರಿಯುತ್ತ ಕೂತಿದೆ, 8192 ಅನ್ನುವ ಅಂಕಿ ಹಿಡಿದುಕೊಂಡು. ರಸೀದಿ ಬರುವತನಕ ಎಷ್ಟು ಸರಕನ್ನು ದಾರಿಯಲ್ಲಿ ಬಿಡಬಹುದು ಅನ್ನುವ ಪಾತ್ರೆಯ ಗಾತ್ರ ಅದು. ಬಾವಿಯಿಂದ ನೀರು ಹೊರುವುದಾದರೆ ಕೊಡದ ಗಾತ್ರ. ನಮ್ಮ ಬೇಲಿಯಾಚೆಗೆ ಹೋಗಿ ಬರಲು 0.4 ಮಿಲಿಸೆಕೆಂಡು, ಸಾವಿರದ ವೇಗಕ್ಕೆ 50 ಕಿಲೋಬೈಟಿನ ಕೊಡ ಸಾಕು. ಅಮೆರಿಕಕ್ಕೆ ಹೋಗಿ ಬರಲು ಸುಮಾರು ಕಾಲು ಸೆಕೆಂಡು, ಅಲ್ಲಿಗೆ ಇದೇ ವೇಗದಲ್ಲಿ ಕಳಿಸಬೇಕಾದರೆ 31 ಮೆಗಾಬೈಟಿನ ಹಂಡೆ ಬೇಕು. ಕರ್ನಲ್ಲಿಗೆ ನಾನು ಹಾಕಿದ ಮೊದಲ ಔಷಧಿ ಅಂಥ ದೂರದ ಊರಿನವರದ್ದು. ಪಕ್ಕದ ಮನೆಗೆ ನಿಂಬೆಹಣ್ಣು ಕೊಡಲು ಲಾರಿ ತಂದ ಹಾಗೆ, ಕೆಡುಕಿಲ್ಲ, ಉಪಯೋಗವೂ ಇಲ್ಲ. ಎರಡನೆಯದು ಕೆಟ್ಟದ್ದು. ಈಗಿನ ಲಿನಕ್ಸ್ ಅಗತ್ಯ ನೋಡಿಕೊಂಡು ಕೊಡವನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. ನಾವು ಬಾಯಿಬಿಟ್ಟು ಒಂದು ಅಳತೆ ಹೇಳಿದೆವೋ, ಯಜಮಾನರು ಹೇಳಿದ್ದಾರೆ ಅಂತ ಆ ಚೊಂಬನ್ನೇ ಹಿಡಿದುಕೊಂಡು ಓಡಾಡುತ್ತದೆ. ಕೇಬಲ್ ಕುಂಟುತ್ತಿದ್ದಾಗ ಇದು ಕಾಣಲೇ ಇಲ್ಲ. ದಾರಿಯೇ ಹನ್ನೊಂದು ಕೊಡುವಾಗ ಚೊಂಬಿನ ದೋಷ ಯಾರಿಗೆ ಗೊತ್ತಾಗಬೇಕು?

ಆ ಸಾಲು ಅಳಿಸಿದೆ. 35ಕ್ಕೆ ಏರಿ ಅಲ್ಲಿ ನಿಂತಿತು. ಈ ಸಲ ನನಗೆ ಗಾಬರಿಯಾಗಲಿಲ್ಲ. 35 ಕೂಡ 94ರ ಹಾಗೆ ಪರಿಚಯದ ಮುಖ. ಹಳೇ ಯುಎಸ್‌ಬಿ ಬಾಗಿಲಿಗೆ ಡಿಸ್ಕ್ ಸಿಕ್ಕಿಸಿದರೆ ಹೆಚ್ಚುಕಡಿಮೆ ಅಷ್ಟೇ ಸಿಗುವುದು. ಡಬ್ಬದ ಹಿಂದೆ ಟಾರ್ಚ್ ಹಿಡಿದು ನೋಡಿದೆ. ಯಕ್ಷಗಾನದ ಡಿಸ್ಕ್ ಕಪ್ಪು ಬಾಗಿಲಿನಲ್ಲಿ ನೇತಾಡುತ್ತಿದೆ. ಪಕ್ಕದ ನೀಲಿ ಬಾಗಿಲಿನಲ್ಲಿ, ಐಶ್ವರ್ಯವಂತರ ಹಾಗೆ, ನನ್ನ ಮೌಸು. ಇಬ್ಬರನ್ನೂ ಅದಲುಬದಲು ಮಾಡಿದೆ. 105. ಅದಕ್ಕಿಂತ ಮೇಲೆ ಆ ಡಿಸ್ಕ್ ತಿರುಗುವುದಿಲ್ಲ. ನಲವತ್ತು ಜಿಬಿ ಆರೂವರೆ ನಿಮಿಷದೊಳಗೆ ಬೇಲಿ ದಾಟಿತು.

ಮೇಷ್ಟ್ರು ಗಡಿಯಾರ ಹಿಡಿದು ನಿಂತಿದ್ದರು. "ಬಾರೇ ಇಲ್ಲಿ, ನೋಡು, ಗಂಟೆ ಹಿಡೀತಿದ್ದದ್ದು ಆರು ನಿಮಿಷ!"

ಅಮ್ಮ ಹಪ್ಪಳದ ಹಾಳೆಯಿಂದ ತಲೆಯೆತ್ತಲಿಲ್ಲ. "ಬಂದಿದ್ದನ್ನ ಕೂತು ನೋಡೋಕೆ ಇಡೀ ರಾತ್ರಿ ಬೇಕಲ್ಲ? ಅದನ್ನೇನಾದ್ರೂ ಆರು ನಿಮಿಷ ಮಾಡಿದ್ರೆ ಹೇಳಿ."

ಭಾಗವತರನ್ನು ಹಾಗೆ ಓಡಿಸುವ ಆಲೋಚನೆಗೇ ಮೇಷ್ಟ್ರು ಹೌಹಾರಿದರು. ಆ ದಿನ ಬೇಲಿ ಹತ್ತಿರ ಮತ್ತೆ ಬರಲಿಲ್ಲ.

ಅಂದಿನಿಂದ ಒಂದು ಹೊಸ ಅಭ್ಯಾಸ. ಮಲೆನಾಡಿನ ತೋಟದವರ ಹಾಗೆ ಮೇಷ್ಟ್ರೂ ಮಳೆ ಅಳೆಯುವ ಡಬ್ಬಿ ಇಟ್ಟುಕೊಂಡು ದಿನಾ ಡೈರಿಯಲ್ಲಿ ಮಿಲಿಮೀಟರ್ ಬರೆಯುವವರು. ಈಗ ಅದರ ಪಕ್ಕದಲ್ಲಿ ಗೆರೆ ಎಳೆದು ಇನ್ನೊಂದು ಕಲಂ ಮಾಡಿದ್ದಾರೆ. ಬೆಳಿಗ್ಗೆ ಹೂ ಕೊಯ್ಯುವಾಗ ಬೇಲಿ ಮೇಲಿಂದ ವರದಿ ಬರುತ್ತದೆ: "ಮಳೆ ಹನ್ನೆರಡು, ನೆಟ್ಟು ಒಂಬೈನೂರ ನಲವತ್ತೊಂದು." ಮಳೆ ಎಷ್ಟು ಬಂದರೂ ಅವರಿಗೆ ಚಿಂತೆಯಿಲ್ಲ, 941 ಎಲ್ಲಿಯಾದರೂ 940 ಆದರೆ ನನಗೆ ಬುಲಾವು.

ಜೂನ್ ಬಂತು. ಎರಡು ಮನೆಗಳ ನಡುವೆ ಬಯಲಿನಲ್ಲಿ ತಾಮ್ರ ಎಳೆದರೆ ಸಿಡಿಲಿಗೆ ಎಲೆ ಹಾಕಿ ಬಡಿಸಿದ ಹಾಗೆ, ಗಾಜಿನ ಎಳೆಯ ಫೈಬರ್ ಹಾಕಬೇಕು ಅಂತ ಎರಡು ವರ್ಷದಿಂದ ಹೇಳುತ್ತಲೇ ಇದ್ದೇನೆ, ಹಾಕಿಲ್ಲ. ಅಲ್ಲಿಯವರೆಗೆ ಗುಡುಗು ಕೇಳಿದ ಕೂಡಲೇ ಎರಡೂ ಕಡೆ ಕೇಬಲ್ ಕೀಳುವುದು ನಮ್ಮ ಒಪ್ಪಂದ. ಮೊನ್ನೆ ರಾತ್ರಿ ಆಕಾಶ ಬಿರಿಯಿತು. ಕತ್ತಲಲ್ಲಿ ಕಿಟಕಿ ತೆಗೆದು ಕೂಗಿದೆ.

"ಮೇಷ್ಟ್ರೇ, ಕಿತ್ತಿರಾ?"

"ಆಗಲೇ ಕಿತ್ತೆ. ನೀನು ಮಲಗು."

ಬೆಳಿಗ್ಗೆ ಹೂ ಕೊಯ್ಯಲು ಬಂದವರು ಡೈರಿಯನ್ನೇ ತಂದು ಬೇಲಿಯ ಮೇಲೆ ಹಿಡಿದರು. ದುಂಡು ಅಕ್ಷರ, ಕೆಂಪು ಶಾಯಿ. ಮಳೆ 63 ಮಿ.ಮೀ. ನೆಟ್ಟು ಗೈರುಹಾಜರು, ಕಾರಣ ಗುಡುಗು.